ಕೈತೊಳಿಯಮ್ಮನ ಸಿಂಕು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಟ್ಟೆ ಕೋಣೆ ನೋಡಿಕೊಳ್ಳುವವಳಿಗೆ ಸಿಟ್ಟಿಲ್ಲದಿದ್ದರೆ ವಾರ ಕಳೆಯುವುದರೊಳಗೆ ಒಂದು ಹೊದಿಕೆಯೂ ಉಳಿಯುವುದಿಲ್ಲ. ಆ ವಾರ್ಡಿನವರು ಈ ವಾರ್ಡಿನದನ್ನು ಎಳೆದುಕೊಳ್ಳುತ್ತಾರೆ, ಈ ವಾರ್ಡಿನವರು ನೆಲ ಒರೆಸಲಿಕ್ಕೆ ಹೊಸ ದಿಂಬಿನ ಚೀಲವನ್ನೇ ಹರಿಯುತ್ತಾರೆ. ಇಂಥ ನನ್ನನ್ನೂ ಗದರಿಸಿ ಸುಮ್ಮನಿರಿಸಬಲ್ಲವಳು ಆ ಕಟ್ಟಡದಲ್ಲಿ ಒಬ್ಬಳೇ ಇದ್ದಳು. ಅವಳು ಕೈತೊಳಿಯಮ್ಮ. ನನಗೆ ಅಕ್ಕ. ಒಡಹುಟ್ಟಿದವಳಲ್ಲ, ಒಂದೇ ಬೀದಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯವಳು. ಬೆಳಿಗ್ಗೆ ಜೊತೆಯಲ್ಲಿ ನಡೆದು ಕೆಲಸಕ್ಕೆ ಹೋಗಿ, ಸಂಜೆ ಜೊತೆಯಲ್ಲಿ ಬರುತ್ತಾ ನಮ್ಮಿಬ್ಬರ ತಲೆಯೂ ಬೆಳ್ಳಗಾಯಿತು.

ಅವಳು ಹಸುಗೂಸುಗಳ ವಾರ್ಡಿನ ಆಯಾ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಉಳಿಸಿಕೊಳ್ಳುವ ವಾರ್ಡು ಅದು. ಬಾಗಿಲು ದಾಟಿದ ಕೂಡಲೇ ಎಡಗಡೆ ಉದ್ದನೆಯ ಸ್ಟೀಲಿನ ಸಿಂಕು, ಮೊಣಕೈಯಿಂದ ತಳ್ಳುವ ನಲ್ಲಿ, ಗೋಡೆಗೆ ಸಿಕ್ಕಿಸಿದ ಸೋಪಿನ ಬಾಟಲಿ. ಯಾರೇ ಆಗಲಿ ಅಲ್ಲಿ ನಿಂತು ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಹೋಗಬೇಕು. ಸಿಂಕಿನ ಪಕ್ಕದ ಸ್ಟೂಲು ಅಕ್ಕನದು. ಬಂದವರಿಗೆಲ್ಲ ಒಂದೇ ಮಾತು, "ಕೈ ತೊಳಿ ಅಮ್ಮ, ಕೈ ತೊಳಿ." ಕೈ ತೊಳೆದುಕೊಂಡು ಬೆನ್ನು ಹತ್ತುವುದು ಎನ್ನುತ್ತಾರಲ್ಲ, ಇವಳು ಕೈ ತೊಳೆಸುವುದಕ್ಕೇ ಬೆನ್ನು ಹತ್ತುತ್ತಿದ್ದಳು. ಒಮ್ಮೆ ದೊಡ್ಡ ಡಾಕ್ಟರು ಕಿವಿಗೆ ಫೋನು ಹಚ್ಚಿಕೊಂಡು ನೇರ ಒಳಗೆ ನುಗ್ಗಿದ್ದಕ್ಕೆ, ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. "ಫೋನು ಮಗೂನ ಮುಟ್ಟಲ್ಲ ಸರ್, ಕೈ ಮುಟ್ಟುತ್ತೆ" ಅಂದಳು. ಅವರು ನಕ್ಕು, ಫೋನು ಜೇಬಿಗಿಟ್ಟು ಸಿಂಕಿಗೆ ಬಂದರು. ಅವತ್ತಿನಿಂದಲೇ ಅವಳಿಗೆ ಆ ಹೆಸರು ಅಂಟಿಕೊಂಡಿತು.

ಈ ಹಟಕ್ಕೊಂದು ಕಾರಣವಿತ್ತು. ಅವಳ ತಂಗಿ ಹೆರಿಗೆಯಾದ ಮೇಲೆ ಜ್ವರ ಬಂದು ತೀರಿಹೋಗಿದ್ದಳು. ಹೆರಿಗೆ ಮಾಡಿಸಿದವಳು ಕೈ ಸರಿಯಾಗಿ ತೊಳೆದಿರಲಿಲ್ಲ, ಅದರಿಂದಲೇ ನಂಜಾಯಿತು ಎಂದು ಆಮೇಲೆ ಯಾರೋ ನರ್ಸು ಹೇಳಿದರಂತೆ. ಅಷ್ಟು ಸಣ್ಣ ಕಾರಣಕ್ಕೆ ಒಂದು ಜೀವ ಹೋಗುತ್ತದೆ ಎನ್ನುವುದನ್ನು ಅಕ್ಕ ಜೀರ್ಣಿಸಿಕೊಳ್ಳಲೇ ಇಲ್ಲ. ತಂಗಿ ಬಿಟ್ಟುಹೋದ ಹೆಣ್ಣುಮಗುವನ್ನು ಮಡಿಲಿಗೆ ಹಾಕಿಕೊಂಡಳು. ಆ ಮಗುವೇ ಪುಟ್ಟಿ. ಮದುವೆಯ ಮಾತು ಬಂದಾಗೆಲ್ಲ, "ಮಗು ಸಮೇತ ಒಪ್ಪೋ ಗಂಡು ಇದ್ರೆ ಕರ್ಕೊಂಡು ಬನ್ನಿ" ಎನ್ನುತ್ತಿದ್ದಳು. ಯಾರೂ ಬರಲಿಲ್ಲ. ಅವಳೂ ಕಾಯಲಿಲ್ಲ. ಪುಟ್ಟಿ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಅಮ್ಮ ಎಂದು ಕರೆಯಲು ಅಕ್ಕ ಬಿಡಲಿಲ್ಲ. ಅದು ತಂಗಿಯ ಪಾಲಿನ ಹೆಸರು ಎನ್ನುತ್ತಿದ್ದಳು.

ಒಬ್ಬಳ ದುಡಿಮೆಯಲ್ಲಿ ಮಗುವನ್ನು ಸಾಕಿದವಳು, ಕೈ ಬಿಗಿ. ಜಿಪುಣಿ ಅಂತ ನಾನೇ ಮುಖದ ಮೇಲೆ ಹೇಳಿದ್ದೇನೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವಳು. ಎಣ್ಣೆ ಬಾಟಲಿಯನ್ನು ಬೋರಲು ಹಾಕಿ ಕೊನೆಯ ಹನಿ ಇಳಿಯುವ ತನಕ ಬಿಡುವವಳಲ್ಲ. ಶಾಂಪೂ ಮುಗಿಯಿತೆಂದರೆ ಅದಕ್ಕೆ ನೀರು ಹಾಕಿ, ಕುಲುಕಿ, ಇನ್ನೂ ವಾರ ತಲೆ ತೊಳೆಯುವಳು. "ಅಕ್ಕ, ಖಾಲಿ ಬಾಟಲಿಗೆ ನೀರು ಹಾಕಿ ನೆನಪಿನಲ್ಲೇ ತಲೆ ತೊಳ್ಕೋತೀಯಲ್ಲ" ಎಂದು ನಾನು ಕಿಚಾಯಿಸಿದರೆ, "ನೀನೇನು ಎಸೀತೀಯಾ?" ಎಂದು ಕೇಳುವಳು. ನಾನೂ ಎಸೆಯುವುದಿಲ್ಲ. ಯಾವ ಮನೆಯ ಹೆಂಗಸು ಎಸೆಯುತ್ತಾಳೆ ಹೇಳಿ. ಬಾಟಲಿಯ ತಳದಲ್ಲಿ ಉಳಿದದ್ದಕ್ಕೆ ನೀರು ಹಾಕುವುದು ನಮಗೆ ಉಸಿರಾಟದಷ್ಟೇ ಸಹಜ, ಯಾರೂ ಹೇಳಿಕೊಟ್ಟದ್ದಲ್ಲ.

ಅದೇ ಕೈ ಆಸ್ಪತ್ರೆಗೂ ಬಂತು. ಸಿಂಕಿನ ಬಾಟಲಿಯಲ್ಲಿ ಸೋಪು ತಳ ಕಂಡಾಗ ಅಕ್ಕ ನಲ್ಲಿಯಿಂದ ಒಂದಿಷ್ಟು ನೀರು ಬಿಟ್ಟು ಕುಲುಕುವಳು. ಅದು ಇನ್ನೊಂದಿಷ್ಟು ಜನಕ್ಕೆ ಬರುತ್ತಿತ್ತು. ಪೂರ್ತಿ ಮುಗಿಯುವ ಮುಂಚೆ ಸ್ಟೋರಿನಿಂದ ತಂದ ಕ್ಯಾನಿನ ಸೋಪನ್ನು ಅದರ ಮೇಲೆಯೇ ಸುರಿಯುವಳು. ಬಾಟಲಿ ಬದಲಾದದ್ದು ಯಾರಿಗೂ ನೆನಪಿಲ್ಲ. ಸ್ಟೋರಿನವನಂತೂ ಬೇರೆ ವಾರ್ಡಿನವರಿಗೆಲ್ಲ ಅವಳನ್ನೇ ತೋರಿಸುತ್ತಿದ್ದ. "ಆಯಮ್ಮನ್ನ ನೋಡಿ ಕಲೀರಿ, ಒಂದು ಕ್ಯಾನು ಎಷ್ಟು ದಿನ ಬರುತ್ತೆ ಅವರಿಗೆ. ನೀವೇನು ಸೋಪು ಕುಡೀತೀರಾ?" ಅಕ್ಕ ಹಿಗ್ಗಿ ಹೀರೇಕಾಯಿಯಾಗುವಳು. ಆ ಮನುಷ್ಯನ ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಪುಟ್ಟಿ ಬೆಳೆದು ಹೊಲಿಗೆ ಕಾರ್ಖಾನೆಗೆ ಸೇರಿದಳು. ವ್ಯಾನು ಓಡಿಸುವ ಒಬ್ಬ ಮೆತ್ತನೆಯ ಹುಡುಗನನ್ನು ಮದುವೆಯಾದಳು. ಬೀದಿಯ ತುದಿಯಲ್ಲಿ ಮೇಲಿನ ಮಹಡಿಯ ಮನೆ. ಎಲ್ಲ ಚೆನ್ನಾಗಿತ್ತು, ಮಗುವೊಂದು ನಿಲ್ಲುತ್ತಿರಲಿಲ್ಲ. ಬಸಿರಾಗುವಳು, ಇಳಿದುಹೋಗುವುದು. ಹೀಗೇ ವರ್ಷಗಳು ಕಳೆದು, ಎಲ್ಲರೂ ಆಸೆಯನ್ನು ಮಡಿಸಿ ಒಳಗಿಟ್ಟ ಮೇಲೆ ಒಂದು ನಿಂತಿತು. ಅಕ್ಕ ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡು, ತಾನೇ ಇಡೀ ಬೀದಿಗೆ ಹೇಳಿಕೊಂಡು ಬಂದಳು. ಕೆಲಸಕ್ಕೆ ಹೋಗುವಾಗ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. "ನನ್ನ ತಂಗಿ ಮೊಮ್ಮಗು ಕಣೇ" ಎನ್ನುವಳು. ಸ್ವಲ್ಪ ದೂರ ನಡೆದು, "ನಂದೂನೂ" ಎಂದು ಸೇರಿಸುವಳು.

ಮಗು ತಿಂಗಳು ತುಂಬುವ ತನಕ ಕಾಯಲಿಲ್ಲ. ಹೆಣ್ಣುಮಗು. ಅಂಗೈ ಮತ್ತು ಮುಂಗೈ ಸೇರಿದಷ್ಟು ಉದ್ದ. ಕೈಬೆರಳೋ ದಾರದ ಎಳೆಗಳೋ ತಿಳಿಯುತ್ತಿರಲಿಲ್ಲ. ಅಳಿಯ ಗೋಡೆ ಹಿಡಿದು ನಿಂತುಬಿಟ್ಟ. ಅಕ್ಕ ಮಾತ್ರ ಹೆದರಲಿಲ್ಲ. "ಇದಕ್ಕಿಂತ ಚಿಕ್ಕದನ್ನ ನೋಡಿದೀನಿ. ಮನೆಗೆ ಹೋಗಿ ಓಡಾಡ್ತಿವೆ. ನನ್ನ ವಾರ್ಡಿಗೆ ಬಂದಿದೆ ಅಂದ್ಮೇಲೆ ಉಳೀತು ಅಂತ ತಿಳ್ಕೊಳ್ಳಿ. ಒಂದು ಕೊಳಕು ಕೈ ಅದನ್ನ ಮುಟ್ಟೋಕೆ ನಾನು ಬಿಡಲ್ಲ" ಎಂದು ಪುಟ್ಟಿಗೆ ಹೇಳಿದಳು. ಅದು ಅವಳು ಕೊಟ್ಟ ಮಾತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಏನು ಎಂದು ನಾನು ನೋಡಿದ್ದು ಆಗಲೇ. ಪಾಳಿ ಮುಗಿದರೂ ಸ್ಟೂಲು ಬಿಡುತ್ತಿರಲಿಲ್ಲ.

ತಾಯಂದಿರು ಹಾಲು ಹಿಂಡಿ ಕೊಡಲು, ಮಗುವನ್ನು ಮುಟ್ಟಿ ಕೂರಲು ದಿನಕ್ಕೆ ಕೆಲವು ಸಲ ಒಳಗೆ ಬರುತ್ತಿದ್ದರು. ನರ್ಸುಗಳು, ಡಾಕ್ಟರುಗಳು ಸಿಂಕಿನಲ್ಲಿ ತೊಳೆದುಕೊಂಡ ಮೇಲೆ ಒಳಗೆ ಹೋಗಿ ಇನ್ನೊಮ್ಮೆ ಸ್ಪಿರಿಟ್ಟಿನ ದ್ರವ ಉಜ್ಜಿಕೊಳ್ಳುವರು. ಅದು ನರ್ಸುಗಳ ಮೇಜಿನ ಮೇಲಿರುತ್ತಿತ್ತು. ಎಲ್ಲರಿಗೂ ಸಾಲುವಷ್ಟು ಬರುತ್ತಿರಲಿಲ್ಲವಾದ್ದರಿಂದ ತಾಯಂದಿರಿಗೆ ಸಿಂಕೇ ಗತಿ. ಅಕ್ಕ ಬೇರೆಯವರಿಗೆ ಒಂದು ಸಲ ಕೈ ತೊಳೆಸಿದರೆ ಪುಟ್ಟಿಗೆ ಮತ್ತೆ ಮತ್ತೆ ತೊಳೆಸುವಳು. "ಇನ್ನೊಂದ್ಸಲ. ಉಗುರಿನ ಸಂದಿ. ಹೆಬ್ಬೆರಳು ಬಿಟ್ಟೆ ನೋಡು, ಇನ್ನೊಂದ್ಸಲ." ಪುಟ್ಟಿಯ ಕೈಯೆಲ್ಲ ಬಿರಿದು ಬೆಳ್ಳಗಾಗಿತ್ತು. "ಸಾಕು ಬಿಡೇ, ಚರ್ಮ ಸುಲಿಯುತ್ತೆ" ಎಂದು ಬಟ್ಟೆಯ ಗಂಟು ಹೊತ್ತು ಬಂದ ನಾನು ಒಮ್ಮೆ ಅಂದದ್ದಕ್ಕೆ ಇಬ್ಬರೂ ನನ್ನನ್ನೇ ಬೈದರು. ಪುಟ್ಟಿ ಅಂದಳು, "ಸುಲಿದ್ರೆ ಸುಲೀಲಿ ಚಿಕ್ಕಮ್ಮ. ಅವಳನ್ನ ಮುಟ್ಟೋ ಕೈ ಇದು."

ಮಗು ಚೇತರಿಸಿಕೊಳ್ಳುತ್ತಿತ್ತು. ಮೂಗಿನ ನಳಿಗೆಯಲ್ಲಿ ಹೋಗುವ ಹಾಲು ದಿನದಿನಕ್ಕೆ ಹೆಚ್ಚಾಯಿತು. ಒಂದು ದಿನ ಮಕ್ಕಳ ಡಾಕ್ಟರು ಮಗುವನ್ನು ಪೆಟ್ಟಿಗೆಯಿಂದ ತೆಗೆದು ಪುಟ್ಟಿಯ ಎದೆಯ ಮೇಲೆ ಮಲಗಿಸಿದರು. ತಾಯಿಯ ಮೈಯ ಬಿಸಿಗೆ ಮಕ್ಕಳು ಬೇಗ ಬೆಳೆಯುತ್ತವಂತೆ. ನಾನು ಗಾಜಿನ ಈಚೆಯಿಂದ ನೋಡಿದೆ. ಪುಟ್ಟಿ ಉಸಿರಾಡಲೂ ಹೆದರಿ ಕೂತಿದ್ದಳು, ಅವಳ ಒಂದು ಕೈ ಮಗುವಿನ ಇಡೀ ಬೆನ್ನನ್ನು ಮುಚ್ಚಿತ್ತು. ಮಗು ಬೆರಳು ಬಿಡಿಸಿ ಅವಳ ಚರ್ಮ ಹಿಡಿದುಕೊಂಡಿತ್ತು. ಅಕ್ಕ ಸ್ಟೂಲಿನಿಂದಲೇ ಕತ್ತು ಚಾಚಿ ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನೂ ಅತ್ತೆ. ಬಟ್ಟೆ ಕೋಣೆಯವಳು ಅತ್ತಳು ಎಂದು ಹೇಳಿದರೆ ಆಸ್ಪತ್ರೆಯಲ್ಲಿ ಯಾರೂ ನಂಬುವುದಿಲ್ಲ.

ಅದಾದ ಮೇಲೆ ಬಂತು ಕೇಡು. ಮೊದಲು ಬೇರೊಂದು ಪೆಟ್ಟಿಗೆಯ ಮಗು ಹಾಲು ಕಕ್ಕಿತು, ಮೈ ತಣ್ಣಗಾಯಿತು. ಮಾರನೆಯ ದಿನ ಅದರ ಪಕ್ಕದ್ದು. ಆಮೇಲೆ ಪುಟ್ಟಿಯ ಮಗುವಿನ ಹೊಟ್ಟೆ ಉಬ್ಬಿತು. ಡಾಕ್ಟರು ಬಂದು ನೋಡಿದವರೇ, "ಹಾಲು ನಿಲ್ಲಿಸಿ" ಎಂದರು. ರಕ್ತದಲ್ಲಿ ಸೋಂಕು ಸೇರಿದೆ ಎಂದರು. ಔಷಧಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಬೇರೆ ಮಕ್ಕಳು ದೊಡ್ಡವು, ತಡೆದುಕೊಂಡವು, ನಿಧಾನವಾಗಿ ಗೆದ್ದವು. ಪುಟ್ಟಿಯದು ಎಲ್ಲಕ್ಕಿಂತ ಚಿಕ್ಕದು. ಒಂದು ಮಧ್ಯಾಹ್ನ, ಬಿಸಿಲು ಆ ಗಾಜಿನ ಪೆಟ್ಟಿಗೆಗಳ ಮೇಲೆ ಬೀಳದಿರಲೆಂದು ಅಕ್ಕ ಪರದೆ ಎಳೆಯುತ್ತಿದ್ದ ಹೊತ್ತಿನಲ್ಲಿ ಅದು ಹೋಯಿತು.

ಸುತ್ತಲು ಬಟ್ಟೆ ಬೇಕೆಂದು ನರ್ಸು ನನ್ನಲ್ಲಿಗೆ ಓಡಿ ಬಂದಳು. ಕಪಾಟಿನಲ್ಲಿ ಎಷ್ಟು ಹುಡುಕಿದೆನೋ. ಎಲ್ಲ ಒರಟು, ಎಲ್ಲ ದೊಡ್ಡದು. ತೊಳೆದು ತೊಳೆದು ಮೆತ್ತಗಾದ ಒಂದು ಹಳೆಯ ಹತ್ತಿ ಬಟ್ಟೆಯನ್ನು ಕತ್ತರಿಸಿ ಕೊಟ್ಟೆ. ಅಕ್ಕನೇ ಮಗುವಿನ ಮೈ ಒರೆಸಿದಳು, ಅಕ್ಕನೇ ಸುತ್ತಿದಳು. ಅದಕ್ಕೂ ಮುಂಚೆ ಸಿಂಕಿಗೆ ಹೋಗಿ ಕೈ ತೊಳೆದುಕೊಂಡಳು.

ಪುಟ್ಟಿ ಮನೆಗೆ ಹೋದವಳು ಮಂಚ ಬಿಟ್ಟು ಏಳಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಹೊಕ್ಕಿತ್ತು. ಡಾಕ್ಟರು ಹಾಲು ನಿಲ್ಲಿಸಿ ಎಂದದ್ದನ್ನು ಅವಳು ಕಿವಿಯಾರೆ ಕೇಳಿದ್ದಳಲ್ಲ, ಹಾಗಾದರೆ ಹಾಲಿನಲ್ಲೇ ದೋಷ. "ನನ್ನ ಹಾಲೇ ವಿಷ ಆಯ್ತು. ನನ್ನ ಮೈಯೇ ಸರಿ ಇಲ್ಲ. ಹೊಟ್ಟೇಲೂ ಉಳಿಸ್ಕೊಳ್ಳಲಿಲ್ಲ, ಹಾಲು ಕೊಟ್ಟೂ ಕೊಂದೆ." ಹಾಗಲ್ಲ, ಅಂಥ ಹೊತ್ತಿನಲ್ಲಿ ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಹಾಲು ನಿಲ್ಲಿಸುತ್ತಾರೆ ಎಂದು ಡಾಕ್ಟರೇ ಹೇಳಿದರು. ಕೇಳಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿ ನೋಯುತ್ತಿದ್ದರೂ ಹಿಂಡಲು ಒಪ್ಪಲಿಲ್ಲ. ಅನುಭವಿಸಬೇಕು ಎನ್ನುವಳು. ಅಕ್ಕ ದಿನಾ ಹೋಗಿ ಕಾಲ ಬಳಿ ಕೂತು ಬರುವಳು. "ನಿನ್ನ ಹಾಲಿಂದ ಅಲ್ಲ ಕಣೇ" ಎಂದರೆ, "ಮತ್ತೆ ಯಾತರಿಂದ ಹೇಳು" ಎಂದು ಪುಟ್ಟಿ ಕೇಳುವಳು.

ಉತ್ತರ ಹುಡುಕುವುದು ಸೋಂಕಿನ ಸಿಸ್ಟರ್ ಕೆಲಸ. ಆಸ್ಪತ್ರೆಯಲ್ಲಿ ಒಬ್ಬರ ರೋಗ ಇನ್ನೊಬ್ಬರಿಗೆ ಹಬ್ಬದಂತೆ ನೋಡಿಕೊಳ್ಳಲೆಂದೇ ಇರುವ ನರ್ಸು ಅವರು. ತೆಳ್ಳಗೆ, ಮೆಲುದನಿ, ಆದರೆ ಹಿಡಿದದ್ದು ಬಿಡುವವರಲ್ಲ. ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದುಕೊಂಡು ವಾರ್ಡಿನ ಮೂಲೆಮೂಲೆ ಒರೆಸಿದರು. ನಲ್ಲಿ, ಪೆಟ್ಟಿಗೆಯ ಕಿಂಡಿ, ತಕ್ಕಡಿ, ಹಾಲಿನ ಬಟ್ಟಲು. ನನ್ನ ಬಟ್ಟೆ ಕೋಣೆಗೂ ಬಂದರು. "ನನ್ನ ಬಟ್ಟೆ ಮೇಲೆ ಅನುಮಾನವಾ?" ಎಂದು ನಾನು ಸೊಂಟಕ್ಕೆ ಕೈಯಿಟ್ಟೆ. "ಎಲ್ಲದರ ಮೇಲೂ ಅನುಮಾನ ಪಡೋದಕ್ಕೆ ನನಗೆ ಸಂಬಳ" ಎಂದು ಹೇಳಿ ಒರೆಸಿಯೇ ಹೋದರು. ಆಗ ಅಕ್ಕ ಅವರ ಹಿಂದೆಯೇ ಓಡಾಡಿದಳು, ಕುರ್ಚಿ ಸರಿಸಿಕೊಟ್ಟಳು, ಬಗ್ಗಿ ತೋರಿಸಿದಳು. "ಹುಡುಕಿ ಸಿಸ್ಟರ್, ಬಿಡಬೇಡಿ. ಯಾರ ಕೈಯಿಂದ ಬಂತೋ ಅವರ ಕೈ ಸೇದಿಹೋಗ" ಎಂದು ಶಾಪ ಹಾಕಿದಳು. ನಾನೂ ಹೂಂಗುಟ್ಟಿದೆ.

ವಾರ ಕಳೆದ ಮೇಲೆ ಸಿಸ್ಟರ್ ಎಲ್ಲ ವಾರ್ಡಿನ ಆಯಾಗಳನ್ನೂ, ನನ್ನಂಥವರನ್ನೂ ಮೇಲಿನ ಸಭೆಯ ಕೋಣೆಗೆ ಕರೆದರು. ಕಲಿಸುವುದಿದೆ ಎಂದರು. ಅಕ್ಕ ಯಾವತ್ತಿನಂತೆ ಮುಂದಿನ ಸಾಲಿನಲ್ಲಿ ಕೂತಳು. ಸಿಸ್ಟರ್ ಮೇಜಿನ ಮೇಲೆ ಒಂದು ಖಾಲಿ ಸೋಪಿನ ಬಾಟಲಿ ಇಟ್ಟರು. "ಇನ್ನು ಮೇಲೆ ಯಾವ ವಾರ್ಡಲ್ಲೂ ಸೋಪಿಗೆ ನೀರು ಸೇರಿಸೋ ಹಾಗಿಲ್ಲ. ಹಳೇದ್ರ ಮೇಲೆ ಹೊಸದು ಸುರಿಯೋ ಹಾಗೂ ಇಲ್ಲ. ಖಾಲಿಯಾದ ಬಾಟಲಿ ಎಸೆದು ಹೊಸದೇ ಹಾಕ್ಬೇಕು. ಸ್ಟೋರಿಗೂ ಹೇಳಿದೀನಿ" ಎಂದರು. ಯಾರ ಹೆಸರೂ ಎತ್ತಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿ ಮುಗಿಸಲು ನೋಡಿದರು. ಹಿಂದಿನ ಸಾಲಿನಲ್ಲಿದ್ದ ನನಗೆ ಏನೋ ಅರ್ಥವಾಗತೊಡಗಿತು. ಅಕ್ಕನಿಗೆ ಆಗಿರಲಿಲ್ಲ. ಅವಳು ಕಲಿಯಲು ಬಂದವಳು. ಕೈ ಎತ್ತಿ ಕೇಳಿದಳು.

"ಹಾಕಿದ್ರೆ ಏನಾಗುತ್ತೆ ಸಿಸ್ಟರ್?"

ಸಿಸ್ಟರ್ ಬಾಟಲಿ ತಿರುಗಿಸುತ್ತಾ ನಿಂತರು. ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಆ ಕೋಣೆಯಲ್ಲಿದ್ದ ಯಾವ ಹೆಂಗಸೂ ಮನೆಯ ಅಭ್ಯಾಸ ಬಿಡುತ್ತಿರಲಿಲ್ಲ, ನಾಳೆ ಇನ್ನೊಂದು ವಾರ್ಡಿನಲ್ಲಿ ಇನ್ನೊಂದು ಮಗು. ಅವರು ಮೆಲ್ಲಗೆ ಹೇಳಿದರು, "ನೀರು ಸೇರಿದ್ರೆ ಸೋಪಿನ ಶಕ್ತಿ ಕುಗ್ಗುತ್ತೆ ಅಮ್ಮ. ನೀರಲ್ಲಿದ್ದ ಕ್ರಿಮಿ ಬಾಟಲಿ ಒಳಗೆ ಅಂಟ್ಕೊಂಡು ಬೆಳೆಯುತ್ತೆ. ಮೇಲೆ ಎಷ್ಟು ಹೊಸ ಸೋಪು ಸುರಿದ್ರೂ ಹೋಗಲ್ಲ. ಆಮೇಲೆ ಕೈ ತೊಳೆದಷ್ಟೂ ಅದು ಕೈಗೆ ಬರುತ್ತೆ. ನಮಗೇನೂ ಆಗಲ್ಲ. ಚಿಕ್ಕ ಮಕ್ಕಳು ತಡ್ಕೊಳ್ಳಲ್ಲ."

"ನಮ್ಮ ಸಿಂಕಿನ ಬಾಟಲೀಲಿ ಇತ್ತಾ?"

"ಇತ್ತು."

"ಪುಟ್ಟಿ ಮಗೂಗೆ ಬಂದಿದ್ದೂ ಅದೇನಾ?"

"ಅದೇ ಜಾತಿ ಕ್ರಿಮಿ" ಎಂದರು ಸಿಸ್ಟರ್. ಅವರ ಕಣ್ಣು ತುಂಬಿತ್ತು. "ಇದು ನಿಮ್ಮೊಬ್ಬರ ತಪ್ಪಲ್ಲ. ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಟಲಿ ಬದಲಾಯಿಸಬೇಕು ಅಂತ ಸ್ಟೋರಿಗೂ ಗೊತ್ತಿರಲಿಲ್ಲ, ನಾನೂ ನೋಡಿರಲಿಲ್ಲ."

ಅಕ್ಕ ಸರಿ ಎನ್ನುವಂತೆ ತಲೆಯಾಡಿಸಿದಳು. ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಗೆ ಹೋದಳು.

ನನ್ನ ಬಟ್ಟೆ ಕೋಣೆಯಲ್ಲಿ, ಇಸ್ತ್ರಿಯಾದ ಹೊದಿಕೆಗಳ ಹಿಂದೆ ನೆಲದ ಮೇಲೆ ಕೂತಿದ್ದಳು. ನಾನು ಬಾಗಿಲು ಹಾಕಿಕೊಂಡೆ. ಅಳಲಿ ಎಂದು ಕಾದೆ. ಅಳಲಿಲ್ಲ. "ಪುಟ್ಟಿಗೆ ಹೇಳ್ಬೇಕು" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಾ ನಿನಗೆ? ಹೇಳಿದ್ರೆ ಮಗು ಎದ್ದು ಬರುತ್ತಾ? ಇರೋಳು ಒಬ್ಬಳು, ಅವಳನ್ನೂ ಕಳ್ಕೋತೀಯ. ಸಿಸ್ಟರ್ ಹೇಳಲ್ಲ, ನಾನು ಹೇಳಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಬಿದ್ದಿರು" ಎಂದೆ. ಇನ್ನೂ ಏನೇನೋ ಅಂದೆ. ಗಾಯದ ಮೇಲೆ ಬರೆ ಯಾಕೆ ಎಳೀತೀಯ ಅಂದೆ. ಅವಳ ಮೊಣಕಾಲು ಹಿಡಿದುಕೊಂಡೆ.

ಅವಳು ನಾನು ಮುಗಿಸುವ ತನಕ ಕಾದಳು. "ಅವಳು ಹಾಲು ಹಾಲು ಅಂತ ಸಾಯ್ತಿದಾಳೆ ಕಣೇ. ಯಾತರಿಂದ ಹೇಳು ಅಂತ ದಿನಾ ಕೇಳ್ತಾಳೆ. ಈಗ ನನಗೆ ಗೊತ್ತಾಗಿದೆ. ಗೊತ್ತಿದ್ದೂ ಅವಳ ಕಾಲ ಹತ್ತಿರ ಹೋಗಿ ಹೆಂಗೆ ಕೂತ್ಕೊಳ್ಳಲಿ? ಅವಳ ತಲೆ ಮೇಲಿರೋದನ್ನ ನಾನು ಇಳಿಸ್ಕೋಬೇಕು. ನನ್ನ ಮುಖ ನೋಡದೆ ಇದ್ರೆ ಇರಲಿ. ಬದುಕಿರ್ತಾಳಲ್ಲ" ಎಂದಳು.

ನಿನ್ನನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಹೇಳಿ, ಕೋಣೆಗೆ ಬೀಗ ಹಾಕಿ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು. ಹೇಗೆ ಹೇಳುವುದೆಂದು ಅಭ್ಯಾಸ ಮಾಡುತ್ತಿದ್ದಳು. ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದು ನಿಂತು, "ಅವಳು ಹೊಡೆದ್ರೆ ನೀನು ಮಧ್ಯ ಬರಬೇಡ" ಎಂದಳು.

ಅಳಿಯ ಕೆಲಸಕ್ಕೆ ಹೋಗಿದ್ದ. ಪುಟ್ಟಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂಲೆಯ ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿತ್ತು. ಅಕ್ಕ ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದೂ ಬಿಡದೆ ಎಲ್ಲ ಹೇಳಿದಳು. ಬಾಟಲಿ, ನೀರು, ಕುಲುಕಿದ್ದು, ಸ್ಟೋರಿನವನು ಹೊಗಳಿದ್ದು, ಸಿಸ್ಟರ್ ಹೇಳಿದ್ದು. "ನಿನ್ನ ಹಾಲಲ್ಲಿ ಏನೂ ಇರಲಿಲ್ಲ ಕಂದ. ನಿನ್ನ ಹಾಲು ಚೊಕ್ಕವಾಗಿತ್ತು. ನನ್ನಿಂದ ಆಯ್ತು. ಈ ಪಾಪಿ ಕೈಯಿಂದ ಆಯ್ತು. ನನ್ನ ಬೈಯಿ. ಹೊಡಿ. ನನ್ನ ಹೆಸರು ಹಿಡಿದು ಶಾಪ ಹಾಕು. ನಿನ್ನನ್ನ ನೀನು ಬೈಕೋಬೇಡ."

ಪುಟ್ಟಿ ಈ ಕಡೆ ತಿರುಗಿದಳು. ಎದ್ದು ಕೂತಳು. ಎಷ್ಟೋ ದಿನದ ಮೇಲೆ ಅವಳು ಎದ್ದು ಕೂತದ್ದನ್ನು ನೋಡಿ, ಅಕ್ಕ ಹೇಳಿದ್ದು ಒಳ್ಳೆಯದೇ ಆಯಿತೇನೋ ಎಂದು ನನಗೆ ಒಂದು ಗಳಿಗೆ ಅನಿಸಿತು. ಅವಳು ಅಕ್ಕನನ್ನು ನೋಡಲಿಲ್ಲ. ಮಡಿಲಲ್ಲಿದ್ದ ತನ್ನ ಎರಡು ಅಂಗೈಗಳನ್ನು ನೋಡುತ್ತಿದ್ದಳು. ಅಲ್ಲಿನ ಚರ್ಮ ಇನ್ನೂ ಬಿರಿದೇ ಇತ್ತು.

"ಆ ಸಿಂಕಲ್ಲಿ ಎಲ್ಲರಿಗಿಂತ ಜಾಸ್ತಿ ತೊಳ್ಕೋತಿದ್ದೋಳು ನಾನೇ ಅಲ್ವಾ ದೊಡ್ಡಮ್ಮ" ಎಂದಳು.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ.

"ನರ್ಸುಗಳು ಒಳಗೆ ಬಂದು ಸ್ಪಿರಿಟ್ಟು ಹಚ್ಕೋತಿದ್ರು. ನಾನು ಸೀದಾ ಹೋಗಿ ಅವಳನ್ನ ಮುಟ್ತಿದ್ದೆ. ಬಾಯಿ ಹತ್ರ ಬೆರಳು ಇಟ್ರೆ ಚೀಪೋಕೆ ಬರ್ತಿದ್ಲು. ಬೆನ್ನ ಮೇಲೆ ಕೈ ಇಟ್ಕೊಂಡೇ ಕೂತಿರ್ತಿದ್ದೆ."

"ಇಲ್ಲ, ಇಲ್ಲ ಪುಟ್ಟಿ. ನಂದು. ನಂದೇ ಅದು" ಎಂದು ಅಕ್ಕ ಅವಳ ಎರಡೂ ಕೈಗಳನ್ನು ಹಿಡಿದುಕೊಳ್ಳಲು ಹೋದಳು. ಪುಟ್ಟಿ ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ, ಅಕ್ಕನಿಗೂ ಏನಾದರೂ ಅಂಟೀತೇನೋ ಎನ್ನುವ ಹಾಗೆ.

"ನೀನು ಹೇಳದೆ ಇದ್ದಿದ್ರೆ ಹಾಲು ಅಂದ್ಕೊಂಡೇ ಇರ್ತಿದ್ದೆ ದೊಡ್ಡಮ್ಮ" ಎಂದಳು. ದನಿಯಲ್ಲಿ ಒಂದಿಷ್ಟೂ ಬೈಗುಳವಿರಲಿಲ್ಲ, ಅದೇ ಕೇಳಲಾಗಲಿಲ್ಲ. "ಹಾಲು ತಾನಾಗೇ ಬಂದಿದ್ದು, ನನ್ನ ಮಾತು ಕೇಳಲ್ಲ. ಕೈ ನಂದು. ನಾನೇ ತಗೊಂಡು ಹೋಗಿ ಇಟ್ಟಿದ್ದು."

ಯಾರ ಕೈಯಿಂದ ಎಂದು ಯಾವ ಪರೀಕ್ಷೆಯೂ ಹೇಳಲಾರದು. ಬೇರೆ ತಾಯಂದಿರೂ ಅಲ್ಲೇ ತೊಳೆದಿದ್ದರು. ನರ್ಸುಗಳು ಅವಸರದಲ್ಲಿ ಸ್ಪಿರಿಟ್ಟು ಮರೆತದ್ದೂ ಇರಬಹುದು. ಇದನ್ನೆಲ್ಲ ಸೋಂಕಿನ ಸಿಸ್ಟರೇ ಮನೆಗೆ ಬಂದು, ಪುಟ್ಟಿಯ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಪುಟ್ಟಿ ಪ್ರತಿ ಮಾತಿಗೂ ಹೌದು ಸಿಸ್ಟರ್ ಎಂದಳು. ಅವರನ್ನು ಮೆಟ್ಟಿಲ ತನಕ ಕಳಿಸಿ ಬಂದಳು.

ಅಕ್ಕ ಅವಳನ್ನು ಕಳೆದುಕೊಳ್ಳಲಿಲ್ಲ. ನಾನು ಹೆದರಿದ್ದು ಸುಳ್ಳಾಯಿತು. ಪುಟ್ಟಿ ಮತ್ತೆ ಕಾರ್ಖಾನೆಗೆ ಹೋಗುತ್ತಾಳೆ, ರಜೆಯ ದಿನ ಬಂದು ದೊಡ್ಡಮ್ಮನ ತಲೆಗೆ ಎಣ್ಣೆ ಹಚ್ಚುತ್ತಾಳೆ, ನನ್ನ ಬಾಯಿ ದೊಡ್ಡದಾಯಿತು ಎಂದು ನಗುತ್ತಾಳೆ ಕೂಡ. ಅಕ್ಕನನ್ನು ಆಸ್ಪತ್ರೆಯವರು ಕೆಲಸದಿಂದ ತೆಗೆಯಲಿಲ್ಲ. ಅವಳೇ ಆ ವಾರ್ಡಿಗೆ ಹೋಗಲಾರೆ ಎಂದು ಕೇಳಿಕೊಂಡು ನನ್ನ ಬಟ್ಟೆ ಕೋಣೆಗೆ ಬಂದಳು. ಹೊದಿಕೆ ಮಡಿಸುತ್ತಾಳೆ. ಮಾತು ಕಡಿಮೆ. ನಾನು ಗದರಿದರೆ ತಿರುಗಿ ಗದರುವುದಿಲ್ಲ, ಅದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಹೋದ ತಿಂಗಳು ಒಂದು ರಜೆಯ ದಿನ, ನಾವು ಮೂವರೂ ಅಕ್ಕನ ಮನೆಯ ಬಾಗಿಲಲ್ಲಿ ಕೂತಿದ್ದೆವು. ಎದುರು ಮನೆಗೆ ಹೊಸದಾಗಿ ಬಂದ ಹುಡುಗಿ ಕೈಗೂಸನ್ನು ಎತ್ತಿಕೊಂಡು ಬಂದಳು. ಅವಳಿಗೆ ಏನೂ ಗೊತ್ತಿಲ್ಲ. ಒಲೆಯ ಮೇಲೆ ಏನೋ ಉಕ್ಕುತ್ತಿದೆ, ಒಂದು ಗಳಿಗೆ ಹಿಡ್ಕೊಳ್ಳಿ ಎಂದು ಮಗುವನ್ನು ಪುಟ್ಟಿಯ ಕಡೆ ಚಾಚಿದಳು. ಪುಟ್ಟಿ ನಕ್ಕಳು. ನಗುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಹುಡುಗಿ ಅಕ್ಕನ ಕಡೆ ತಿರುಗಿದಳು. ಅಕ್ಕನ ಕೈ ಮಡಿಲಿನಿಂದ ಮೇಲೆ ಬಂದು, ಅರ್ಧದಲ್ಲಿ ನಿಂತು, ಸೆರಗಿನೊಳಗೆ ಹೋಯಿತು. ಮಗು ಕಾಲು ಬಡಿಯುತ್ತಿತ್ತು. ಹುಡುಗಿ ಏನು ಮಾಡಲೂ ತೋಚದೆ ಅವರಿಬ್ಬರ ಮುಖವನ್ನೂ ನೋಡುತ್ತಿದ್ದಳು. ಕೊನೆಗೆ ನಾನೇ ಎದ್ದು ಎತ್ತಿಕೊಂಡೆ.